ಜೇಬಿನ ಕ್ಯಾಮೆರಾನಾ, ಮಿರರ್‌ಲೆಸ್ಸಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಒಳ್ಳೆ ಕ್ಯಾಮೆರಾ ತಗೊಳ್ಳೋಣ ಅಂತ ಹೊರಟವರು ಸಾಮಾನ್ಯವಾಗಿ ಈ ಎರಡರ ನಡುವೆ ಬಂದು ನಿಲ್ಲುತ್ತಾರೆ. ಒಂದು, ಕಿಟ್ ಲೆನ್ಸ್ ಜೊತೆಗೆ ಬರುವ ಆರಂಭದ ಮಟ್ಟದ ಮಿರರ್‌ಲೆಸ್. ಇನ್ನೊಂದು, ಜೇಬಿಗೆ ಹಿಡಿಯುವ ಪುಟ್ಟ ಕಾಂಪ್ಯಾಕ್ಟ್. ಬೆಲೆ ಎರಡಕ್ಕೂ ಅಕ್ಕಪಕ್ಕ. ಅಂಗಡಿಯವರು ಮಿರರ್‌ಲೆಸ್ ಕಡೆ ಕೈ ತೋರಿಸುತ್ತಾರೆ. ಮನೆಯವರು "ಅಷ್ಟು ದುಡ್ಡು ಕೊಟ್ಟು ಇಷ್ಟು ಚಿಕ್ಕದಾ?" ಅನ್ನುತ್ತಾರೆ. ಸ್ನೇಹಿತರು, ನೆಂಟರು ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ.

ಇವೆರಡಕ್ಕೂ ಇರುವ ವ್ಯತ್ಯಾಸ ಏನು?

ಮಿರರ್‌ಲೆಸ್‌ನಲ್ಲಿ ಲೆನ್ಸ್ ಬಿಚ್ಚಿ ಬೇರೆಯದನ್ನು ಹಾಕಬಹುದು. ಡಿಎಸ್‌ಎಲ್‌ಆರ್‌ನಲ್ಲಿದ್ದ ಕನ್ನಡಿ ಇದರಲ್ಲಿ ಇಲ್ಲ. ಹಾಗಾಗಿ ಬಾಡಿ ತೆಳುವಾಯಿತು. 2008ರಲ್ಲಿ ಬಂದ ಪ್ಯಾನಾಸೋನಿಕ್ ಜಿ1ನಿಂದ ಈ ದಾರಿ ಶುರುವಾಯಿತು. ಈಗ ಆರಂಭದ ಮಟ್ಟದಲ್ಲಿ ಸಿಗುವವು ಕ್ಯಾನನ್ ಆರ್50, ಆರ್100, ನಿಕಾನ್ ಜೆಡ್30, ಸೋನಿ ಜೆಡ್‌ವಿ-ಇ10, ಫ್ಯೂಜಿಫಿಲ್ಮ್ ಎಕ್ಸ್-ಎಂ5 ಥರದವು. ಇವೆಲ್ಲದರಲ್ಲೂ ಎಪಿಎಸ್-ಸಿ ಅನ್ನುವ ಅಳತೆಯ ಸೆನ್ಸಾರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಇದೆ.

ಪುಟ್ಟ ಕಾಂಪ್ಯಾಕ್ಟ್‌ನಲ್ಲಿ ಲೆನ್ಸ್ ಬಾಡಿಗೇ ಅಂಟಿಕೊಂಡಿರುತ್ತದೆ. ಆಫ್ ಮಾಡಿದರೆ ಒಳಗೆ ಹೋಗುತ್ತದೆ. ಇದರಲ್ಲೂ ಎರಡು ಜಾತಿ. ಉಗುರಿನಷ್ಟು ಚಿಕ್ಕ ಸೆನ್ಸಾರ್ ಇರುವ ಹಳೆ ಮಾದರಿಯವು ಒಂದು ಕಡೆ. ಒಂದಿಂಚು ಅಂತ ಕರೆಯುವ ಸೆನ್ಸಾರ್ ಇರುವವು ಇನ್ನೊಂದು ಕಡೆ. 2012ರ ಸೋನಿ ಆರ್‌ಎಕ್ಸ್100 ಈ ಎರಡನೇ ಜಾತಿಯನ್ನು ಜೇಬಿಗೆ ತಂದಿತು. ಕ್ಯಾನನ್ ಜಿ7 ಎಕ್ಸ್ ಮಾರ್ಕ್ 3 ಕೂಡ ಇದೇ ಸಾಲಿನದು. ಮುಂದೆ ಕಾಂಪ್ಯಾಕ್ಟ್ ಅಂತ ನಾನು ಬರೆದರೆ ಈ ಒಂದಿಂಚಿನವು ಅಂತಲೇ ಅರ್ಥ.

ಸುಮ್ನೆ ಒಂದೇ ಮಾತಲ್ಲಿ ಹೇಳಿ, ಯಾವುದು ತಗೊಳ್ಳಲಿ?

ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಮುಂದಿನ ಒಂದು ವರ್ಷದೊಳಗೆ ಎರಡನೇ ಲೆನ್ಸ್ ತಗೊಳ್ಳುತ್ತೀರಾ? ಖಂಡಿತ ಹೌದು ಅಂದರೆ ಮಿರರ್‌ಲೆಸ್. ಇಲ್ಲ, ಅಥವಾ "ನೋಡೋಣ" ಅಂದರೆ ಕಾಂಪ್ಯಾಕ್ಟ್.

ಮಿರರ್‌ಲೆಸ್‌ನ ಶಕ್ತಿಯೆಲ್ಲ ಲೆನ್ಸ್ ಬದಲಿಸುವುದರಲ್ಲಿದೆ. ಪೆಟ್ಟಿಗೆಯಲ್ಲಿ ಬಂದ ಕಿಟ್ ಲೆನ್ಸನ್ನೇ ಕೊನೆತನಕ ಇಟ್ಟುಕೊಂಡರೆ ನೀವು ದುಡ್ಡು ಕೊಟ್ಟ ಲಾಭ ಬರುವುದಿಲ್ಲ. ದಪ್ಪ, ಭಾರ ಮಾತ್ರ ಬರುತ್ತದೆ. ಎಷ್ಟೋ ಮನೆಗಳ ಬೀರುಗಳಲ್ಲಿ ಕಿಟ್ ಲೆನ್ಸ್ ಹಾಕಿದ ಕ್ಯಾಮೆರಾ ಬ್ಯಾಗ್ ಸಮೇತ ಹಾಗೇ ಕೂತಿರುತ್ತದೆ. ಇದು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಸೆನ್ಸಾರ್ ದೊಡ್ಡದು ಅಂದ ಮೇಲೆ ಮಿರರ್‌ಲೆಸ್ ಫೋಟೋನೇ ಚೆನ್ನಾಗಿರಬೇಕಲ್ವಾ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಸೆನ್ಸಾರ್ ಮಾತ್ರ ನೋಡಿದರೆ ಅದು ಸರಿಯೇ. ಕ್ಯಾನನ್‌ನ ಎಪಿಎಸ್-ಸಿ ಸೆನ್ಸಾರ್ 22.3 ಗುಣಿಸು 14.9 ಮಿಲಿಮೀಟರ್. ಒಂದಿಂಚಿನದು 13.2 ಗುಣಿಸು 8.8. ವಿಸ್ತೀರ್ಣ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು ಮೂರು ಪಟ್ಟು ದೊಡ್ಡದು. ಆದರೆ ಸೆನ್ಸಾರ್‌ಗೆ ಬೆಳಕು ಬರಬೇಕಾದ್ದು ಲೆನ್ಸ್ ಮೂಲಕ ತಾನೆ?

ಬೇಲೂರಿನ ಚೆನ್ನಕೇಶವ ದೇವಸ್ಥಾನದ ನವರಂಗದೊಳಗೆ ಹೋಗಿ ನಿಲ್ಲಿ. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ ಬಾಗಿಲಿಂದ ಬರುವ ಅಷ್ಟಿಷ್ಟು ಬೆಳಕು. ಗೈಡ್‌ಗಳು ಟಾರ್ಚ್ ಬಿಟ್ಟು ಕಂಬದ ಕೆತ್ತನೆ ತೋರಿಸುತ್ತಾರೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಇಡುವ ಹಾಗಿಲ್ಲ. ಕೈಯಲ್ಲೇ ಹಿಡಿದು ತೆಗೆಯಬೇಕು. ನರಸಿಂಹ ಕಂಬ ಅಲುಗಾಡುವುದಿಲ್ಲ, ಹಾಗಾಗಿ ಶಟರ್ ನಿಧಾನ ಮಾಡಬಹುದು, ಅಂದರೆ ಬೆಳಕನ್ನು ಹೆಚ್ಚು ಹೊತ್ತು ಒಳಗೆ ಬಿಡಬಹುದು. ಸೆಕೆಂಡಿನ 15ನೇ ಒಂದು ಭಾಗ ಇಟ್ಟುಕೊಳ್ಳೋಣ. ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಎರಡರ ಲೆನ್ಸ್‌ನಲ್ಲೂ ಇದೆ.

ಜಿ7 ಎಕ್ಸ್ ಮಾರ್ಕ್ 3ರ ಲೆನ್ಸ್ ಅಗಲದ ತುದಿಯಲ್ಲಿ, ಅಂದರೆ ಜೂಮ್ ಮಾಡದಿದ್ದಾಗ, ಎಫ್ 1.8 ತನಕ ತೆರೆಯುತ್ತದೆ (ಎಫ್ ಅಂಕಿ ಚಿಕ್ಕದಾದಷ್ಟು ಲೆನ್ಸ್ ಬಾಯಿ ಅಗಲ, ಬೆಳಕು ಜಾಸ್ತಿ). ಇದರಲ್ಲಿ ಐಎಸ್‌ಒ 800 ಸಾಕಾಯಿತು ಅಂತಿಟ್ಟುಕೊಳ್ಳಿ (ಐಎಸ್‌ಒ ಅಂದರೆ ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಅಂಕಿ, ಏರಿಸಿದಷ್ಟು ಚಿತ್ರ ಕಾಳು ಕಾಳಾಗುತ್ತದೆ). ಆರ್50ರ 18-45 ಎಂಎಂ ಕಿಟ್ ಲೆನ್ಸ್ (ಎಂಎಂ ಅಂಕಿ ಚಿಕ್ಕದಾದರೆ ಅಗಲದ ದೃಶ್ಯ, ದೊಡ್ಡದಾದರೆ ದೂರದ್ದು ಹತ್ತಿರ) ಅಗಲದ ತುದಿಯಲ್ಲೂ ಎಫ್ 4.5ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅದೇ ಕಂಬ, ಅದೇ ಶಟರ್ ಅಂದರೆ ಐಎಸ್‌ಒ 5000ಕ್ಕೆ ಏರಿಸಬೇಕು. ಬೆಳಕು ಆರು ಪಟ್ಟು ಕಮ್ಮಿ. ಸೆನ್ಸಾರ್ ಮೂರು ಪಟ್ಟು ದೊಡ್ಡದಿದ್ದೂ ಆ ಆರು ಪಟ್ಟು ತುಂಬಿಕೊಡಲು ಆಗುವುದಿಲ್ಲ. ಕೊನೆಗೆ ಜೇಬಿನ ಕ್ಯಾಮೆರಾವೇ ಎರಡು ಪಟ್ಟು ಮುಂದೆ ಇರುತ್ತದೆ.

ಸೋನಿ, ನಿಕಾನ್ ಕಿಟ್ ಲೆನ್ಸ್‌ಗಳು 16-50. ಅವು ಅಗಲದ ತುದಿಯಲ್ಲಿ ಎಫ್ 3.5 ತೆರೆಯುತ್ತವೆ. ಅಲ್ಲಿ ಲೆಕ್ಕ ಹೆಚ್ಚುಕಡಿಮೆ ಸಮ ಆಗುತ್ತದೆ. ಸಮ ಅಂದರೂ ಯೋಚನೆ ಮಾಡಿ: ಭಾರ ಜಾಸ್ತಿ, ಗಾತ್ರ ಜಾಸ್ತಿ, ಫೋಟೋ ಅಷ್ಟೇ.

ಒಂದು ಮಾತು ಸೇರಿಸಬೇಕು. ಎಲ್ಲ ಒಂದಿಂಚಿನ ಕ್ಯಾಮೆರಾಗಳಲ್ಲೂ ಎಫ್ 1.8 ಇಲ್ಲ. ಆರ್‌ಎಕ್ಸ್100ರ ಏಳನೇ ಆವೃತ್ತಿಯಲ್ಲಿ 24ರಿಂದ 200 ಎಂಎಂ ತನಕ ಜೂಮ್ ಕೊಟ್ಟರು, ಅದಕ್ಕಾಗಿ ಲೆನ್ಸ್ ಎಫ್ 2.8ರಿಂದ ಶುರುವಾಗುತ್ತದೆ. ಕತ್ತಲೆ ಜಾಗಗಳೇ ನಿಮಗೆ ಮುಖ್ಯ ಅಂದರೆ ಮೂರನೇ, ನಾಲ್ಕನೇ, ಐದನೇ ಆವೃತ್ತಿ ಹುಡುಕಿ. ಅವುಗಳಲ್ಲಿ 24-70, ಎಫ್ 1.8ರಿಂದ 2.8.

ಹಾಗಾದ್ರೆ ಮಿರರ್‌ಲೆಸ್ ಯಾಕಾದ್ರೂ ತಗೊಳ್ಳಬೇಕು?

ಎರಡನೇ ಲೆನ್ಸ್ ಹಾಕಿದ ಕ್ಷಣದಿಂದ ಲೆಕ್ಕ ಪೂರ್ತಿ ತಿರುಗುತ್ತದೆ. ಅದಕ್ಕೆ.

ಕರಾವಳಿಯಲ್ಲಿ ರಾತ್ರಿ ಯಕ್ಷಗಾನ ನಡೆಯುತ್ತಿದೆ ಅಂದುಕೊಳ್ಳಿ. ನೀವು ಮೂರನೇ ಸಾಲಿನಲ್ಲಿದ್ದೀರಿ. ಬಡಗುತಿಟ್ಟಿನ ಪುಂಡುವೇಷ ರಂಗಸ್ಥಳಕ್ಕೆ ಬಂತು. ಚೆಂಡೆ ಏರುತ್ತಿದೆ, ವೇಷಧಾರಿ ಮಂಡಿ ಹಾಕಿ ಸುತ್ತಲು ಶುರು ಮಾಡಿದರು. ಇಲ್ಲಿ ಬೇಲೂರಿನ ಕಂಬದ ಹಾಗೆ ಶಟರ್ ನಿಧಾನ ಮಾಡಿದರೆ ಕೆಂಪು ಕಪ್ಪು ಬಣ್ಣದ ಗೆರೆ ಬಿಟ್ಟರೆ ಏನೂ ಉಳಿಯುವುದಿಲ್ಲ. ಕಣ್ಣು, ಬೆರಳ ಮುದ್ರೆ, ಗೆಜ್ಜೆ ನಿಲ್ಲಬೇಕು ಅಂದರೆ 250ನೇ ಒಂದು ಸೆಕೆಂಡ್ ಆದರೂ ಬೇಕು.

ಮುಖ ತುಂಬಲು ಸುಮಾರು 80 ಎಂಎಂ ದೃಷ್ಟಿ ಬೇಕು. ಕಾಂಪ್ಯಾಕ್ಟ್ ಅಷ್ಟು ಜೂಮ್ ಆದಾಗ ಎಫ್ 2.8ಕ್ಕೆ ಇಳಿದಿರುತ್ತದೆ. ಐಎಸ್‌ಒ 4000 ಬೇಕಾಯಿತು ಅಂತಿಟ್ಟುಕೊಳ್ಳಿ. ಆರ್50ಗೆ 50 ಎಂಎಂ ಎಫ್ 1.8 ಲೆನ್ಸ್ ಹಾಕಿದರೆ ಅದರ ಸೆನ್ಸಾರ್ ಅಳತೆಯಿಂದಾಗಿ ಅದೇ 80 ಎಂಎಂ ದೃಷ್ಟಿ ಬರುತ್ತದೆ, ಐಎಸ್‌ಒ 1600 ಸಾಕು. ಅದರ ಮೇಲೆ ಸೆನ್ಸಾರ್ ಮೂರು ಪಟ್ಟು ದೊಡ್ಡದು. ಎರಡೂ ಸೇರಿದರೆ ಸುಮಾರು ಏಳು ಪಟ್ಟು ಬೆಳಕು. ಮುಖವರ್ಣಿಕೆಯ ಸಣ್ಣ ಚುಕ್ಕಿಗಳು ಒಂದರಲ್ಲಿ ಎಣಿಸುವ ಹಾಗಿರುತ್ತವೆ. ಇನ್ನೊಂದರಲ್ಲಿ ಕಲಸಿಹೋಗಿರುತ್ತವೆ. ಹಿಂದಿನ ಪರದೆ ಮಸುಕಾಗಿ ವೇಷ ಎದ್ದು ಕಾಣುವುದು ಕೂಡ ಈ ಲೆನ್ಸ್‌ನಿಂದಲೇ.

ಆ 50 ಎಂಎಂ ಲೆನ್ಸ್ ತೂಕ ಬರೀ 160 ಗ್ರಾಂ. ಮಿರರ್‌ಲೆಸ್ ಅಂದರೆ ನನಗೆ ಇದು.

ಎರಡನೇ ಲೆನ್ಸ್ ಯಾವುದು ತಗೊಳ್ಳಲಿ?

ಮನೆಯೊಳಗೆ, ಮಕ್ಕಳು, ಊಟದ ಮೇಜು, ಹಬ್ಬ ಅಂದರೆ 30-35 ಎಂಎಂ ಆಸುಪಾಸು. ಸೋನಿಗೆ 35 ಎಂಎಂ ಎಫ್ 1.8 ಇದೆ. ಸಿಗ್ಮಾ 30 ಎಂಎಂ ಎಫ್ 1.4 ಬೇರೆ ಬೇರೆ ಮೌಂಟ್‌ಗಳಿಗೆ (ಬಾಡಿಯಲ್ಲಿ ಲೆನ್ಸ್ ಕೂರುವ ಜಾಗ) ಸಿಗುತ್ತದೆ. ನಿಕಾನ್‌ನಲ್ಲಿ 24 ಎಂಎಂ ಎಫ್ 1.7 ಒಳ್ಳೆ ಆಯ್ಕೆ, 135 ಗ್ರಾಂ ಅಷ್ಟೇ. ವೇದಿಕೆ, ಭಾವಚಿತ್ರ ಅಂದರೆ 50. ಚಿಕ್ಕ ಕೋಣೆಯಲ್ಲಿ 50 ಹಾಕಿದರೆ ಬೆನ್ನು ಗೋಡೆಗೆ ತಾಗುತ್ತದೆ, ಅದು ನೆನಪಿರಲಿ.

ಜೂಮ್ ಬಿಡಲು ಮನಸ್ಸಿಲ್ಲದವರಿಗೆ ಸಿಗ್ಮಾ 18-50 ಎಫ್ 2.8. ಕ್ಯಾನನ್ ಆರ್‌ಎಫ್ ಮೌಂಟ್‌ಗೆ ಇದು 2024ರಿಂದ ಬಂದಿದೆ. ಬಜೆಟ್ ಹೊಂದಿದರೆ ಕಿಟ್ ಲೆನ್ಸ್ ಬಿಟ್ಟು ಬರೀ ಬಾಡಿ ಜೊತೆ ಇದನ್ನೇ ತಗೊಳ್ಳಿ.

ನನ್ನ ಫೋನೇ ಇಷ್ಟು ಚೆನ್ನಾಗಿ ತೆಗೆಯುತ್ತೆ. ಕಾಂಪ್ಯಾಕ್ಟ್ ಬೇಕಾ?

ಚಿಕ್ಕ ಸೆನ್ಸಾರ್‌ನ ಅಗ್ಗದ ಕಾಂಪ್ಯಾಕ್ಟ್ ಆದರೆ ಬೇಡವೇ ಬೇಡ. ಅವುಗಳ ಸೆನ್ಸಾರ್ 6.2 ಗುಣಿಸು 4.6 ಮಿಲಿಮೀಟರ್ ಮಾತ್ರ. ಈಗಿನ ಒಳ್ಳೆ ಫೋನ್‌ಗಳ ಮುಖ್ಯ ಕ್ಯಾಮೆರಾದಲ್ಲಿ ಇದಕ್ಕಿಂತ ದೊಡ್ಡ ಸೆನ್ಸಾರ್ ಇರುತ್ತದೆ. ಶಿಯೋಮಿ 13 ಪ್ರೊ, ವಿವೋ ಎಕ್ಸ್100 ಪ್ರೊ ಥರದ ಫೋನ್‌ಗಳಲ್ಲಿ ಒಂದಿಂಚಿನ ಸೆನ್ಸಾರೇ ಇದೆ.

ಹಾಗಾದರೆ ಒಂದಿಂಚಿನ ಕಾಂಪ್ಯಾಕ್ಟ್‌ನ ಲಾಭ ಏನು? ಜೂಮ್. ಫೋನಿನಲ್ಲಿ ಆ ದೊಡ್ಡ ಸೆನ್ಸಾರ್ ಇರುವುದು ಅಗಲದ ಒಂದು ಲೆನ್ಸ್‌ನ ಹಿಂದೆ ಮಾತ್ರ. ದೂರದ್ದನ್ನು ತೆಗೆಯುವ ಟೆಲಿ ಕ್ಯಾಮೆರಾಗೆ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು ಇರುತ್ತದೆ. ಕಾಂಪ್ಯಾಕ್ಟ್‌ನಲ್ಲಿ ಜೂಮ್‌ನ ಉದ್ದಕ್ಕೂ ಅದೇ ಸೆನ್ಸಾರ್ ಕೆಲಸ ಮಾಡುತ್ತದೆ. ಮೇಲೆ ನಿಜವಾದ ಫ್ಲ್ಯಾಶ್ ಇದೆ, ಕೈಗೆ ಸಿಗುವ ಬಟನ್ ಇದೆ. ಫೋನ್ ಕರೆ ಬಂದು ಚಿತ್ರ ತಪ್ಪುವುದಿಲ್ಲ. ಫೋನ್ ತನ್ನಷ್ಟಕ್ಕೆ ಚರ್ಮ ನುಣುಪು ಮಾಡುವುದು, ಆಕಾಶ ನೀಲಿ ಏರಿಸುವುದು ಇಲ್ಲಿಲ್ಲ. ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್ ಇಟ್ಟುಕೊಂಡು ನಿಮಗೆ ಬೇಕಾದ ಬಣ್ಣ ನೀವೇ ತರಬಹುದು.

ಹೊಸ ದುಬಾರಿ ಫೋನ್ ಕೈಯಲ್ಲಿದ್ದು, ಅಗಲದ ದೃಶ್ಯಗಳನ್ನೇ ತೆಗೆಯುವವರಾದರೆ ಕಾಂಪ್ಯಾಕ್ಟ್ ಬೇಡ. ನೇರವಾಗಿ ಮಿರರ್‌ಲೆಸ್ ಮತ್ತು ಒಂದು ಒಳ್ಳೆ ಲೆನ್ಸ್ ಕಡೆ ಹೋಗಿ.

ಜೇಬಿಗೆ ಹಿಡಿಯುತ್ತೆ ಅಂತಾರೆ. ನಿಜವಾಗಿ ಹಿಡಿಯುತ್ತಾ?

ಪ್ಯಾಂಟ್ ಜೇಬಿಗೆ ಹಿಡಿಯುತ್ತದೆ, ಉಬ್ಬಿಕೊಂಡು. ಆರ್‌ಎಕ್ಸ್100ರ ಏಳನೇ ಆವೃತ್ತಿ 43 ಮಿಲಿಮೀಟರ್ ದಪ್ಪ, 302 ಗ್ರಾಂ. ಜಿ7 ಎಕ್ಸ್ ಮಾರ್ಕ್ 3 ಹತ್ತಿರ ಹತ್ತಿರ ಅಷ್ಟೇ, 304 ಗ್ರಾಂ. ಬಿಗಿ ಜೀನ್ಸ್ ಹಾಕಿ ಬಸ್ಸಲ್ಲಿ ಕೂತರೆ ತೊಡೆಗೆ ಒತ್ತುತ್ತದೆ. ಜಾಕೆಟ್, ಕುರ್ತಾ ಜೇಬು, ವ್ಯಾನಿಟಿ ಬ್ಯಾಗ್ ಆದರೆ ಆರಾಮ.

ಆರ್50 ಬಾಡಿ 375 ಗ್ರಾಂ, ಕಿಟ್ ಲೆನ್ಸ್ 130. ಒಟ್ಟು ಅರ್ಧ ಕೆಜಿ. ಕೇಳಲು ಹಗುರವೇ. ಆದರೆ ತೂಕಕ್ಕಿಂತ ಆಕಾರ ಮುಖ್ಯ. ಲೆನ್ಸ್ ಮುಂದಕ್ಕೆ ಚಾಚಿರುವುದರಿಂದ ಇದಕ್ಕೆ ಬ್ಯಾಗ್ ಅಥವಾ ಕೊರಳ ಪಟ್ಟಿ ಬೇಕೇ ಬೇಕು. ಬ್ಯಾಗ್ ತಗೊಂಡು ಹೋಗಲಾ ಬೇಡವಾ ಅನ್ನುವ ಯೋಚನೆ ಬಂದ ದಿನ ಅದು ಮನೆಯಲ್ಲೇ ಉಳಿಯುತ್ತದೆ. ಸಂಜೆ ವಾಕಿಂಗ್, ಸಂತೆ, ನೆಂಟರ ಮನೆ, ಆಫೀಸಿನ ದಾರಿ, ಇಲ್ಲೆಲ್ಲ ಜೊತೆಗೆ ಬರುವುದು ಜೇಬಿನದೇ. ದಿನನಿತ್ಯದ ಬದುಕನ್ನು ತೆಗೆಯಬೇಕು ಅನ್ನುವವರು ಈ ಒಂದು ಕಾರಣಕ್ಕೇ ಕಾಂಪ್ಯಾಕ್ಟ್ ತಗೊಳ್ಳಬಹುದು.

ಹಕ್ಕಿ, ಕಾಡುಪ್ರಾಣಿ ತೆಗೆಯಬೇಕು.

ಕಾಂಪ್ಯಾಕ್ಟ್ ಬೇಡ. ರಂಗನತಿಟ್ಟಿನಲ್ಲಿ ದೋಣಿ ಗೂಡುಗಳ ಹತ್ತಿರಕ್ಕೇ ಹೋಗುತ್ತದೆ. ಅಲ್ಲಿ ಬಣ್ಣದ ಕೊಕ್ಕರೆ, ಬಂಡೆ ಮೇಲೆ ಮಲಗಿದ ಮೊಸಳೆ 200 ಎಂಎಂಗೂ ಸಿಗುತ್ತವೆ. ಉಳಿದ ಕಡೆ ಸಾಲುವುದಿಲ್ಲ. ಕಬಿನಿ, ಬಂಡೀಪುರದ ಜೀಪಿನಿಂದ ನೋಡುವ ಪ್ರಾಣಿಗೆ ಇನ್ನೂ ಉದ್ದದ ಲೆನ್ಸ್ ಬೇಕು. ಕ್ಯಾನನ್ 55-210, ನಿಕಾನ್ 50-250 ಹಗುರವಾಗಿವೆ, ಕೈಗೆಟುಕುವ ಬೆಲೆಯವು. ಸೋನಿಯ 70-350 ಎಪಿಎಸ್-ಸಿಯಲ್ಲಿ 525 ಎಂಎಂ ದೃಷ್ಟಿ ಕೊಡುತ್ತದೆ, ಬೆಲೆಯೂ ಹಾಗೇ ಇದೆ. ಮುಂಜಾವಿನ ಮಬ್ಬು ಬೆಳಕಿನಲ್ಲಿ ಈ ಹಗುರ ಲೆನ್ಸ್‌ಗಳೂ ಕಷ್ಟಪಡುತ್ತವೆ, ಅದು ಮೊದಲೇ ಗೊತ್ತಿರಲಿ.

ಮಕ್ಕಳು ಒಂದು ಕಡೆ ನಿಲ್ಲಲ್ಲ. ಯಾವುದರ ಫೋಕಸ್ ಚುರುಕು?

ಇಲ್ಲಿ ಹೆಸರು ನೋಡಿ ಹೇಳಬೇಕು. ಜಿ7 ಎಕ್ಸ್ ಮಾರ್ಕ್ 3ರಲ್ಲಿ ಕಾಂಟ್ರಾಸ್ಟ್ ನೋಡಿ ಫೋಕಸ್ ಮಾಡುವ ಹಳೆ ಪದ್ಧತಿ. ನಮ್ಮ ಕಡೆ ಓಡಿ ಬರುವ ಮಗುವಿನ ಹಿಂದೆ ಅದು ಒದ್ದಾಡುತ್ತದೆ. ಆರ್‌ಎಕ್ಸ್100ರ ಐದನೇ ಆವೃತ್ತಿಯಿಂದ ಮುಂದಿನವುಗಳಲ್ಲಿ ಫೇಸ್ ಡಿಟೆಕ್ಟ್ ಇದೆ. ಹೆಸರು ಹಾಗಿದ್ದರೂ ಇದು ಮುಖ ಗುರುತಿಸುವ ಸೌಲಭ್ಯ ಅಲ್ಲ, ಫೋಕಸ್ ಎಷ್ಟು ದೂರ ತಪ್ಪಿದೆ ಅಂತ ಒಂದೇ ಸಲಕ್ಕೆ ಅಳೆಯುವ ವಿಧಾನ. ಆರ್50, ಜೆಡ್30, ಜೆಡ್‌ವಿ-ಇ10 ಎಲ್ಲದರಲ್ಲೂ ಇದು ಇದೆ. ಕಣ್ಣು ಹಿಡಿದುಕೊಂಡು ಹಿಂಬಾಲಿಸುತ್ತವೆ.

ಫೋಕಸ್ ಎಷ್ಟೇ ಚುರುಕಾದರೂ ಮನೆಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಶಟರ್ ನಿಧಾನವಾದರೆ ಮಗು ಮಸುಕಾಗುತ್ತದೆ. ಹಗಲು ಹೊತ್ತಿನಲ್ಲಿ ಮಗುವನ್ನು ಕಿಟಕಿ ಹತ್ತಿರ ಆಡಲು ಬಿಡಿ. ಖರ್ಚಿಲ್ಲದೆ ಸಿಗುವ ಅತಿ ದೊಡ್ಡ ಸುಧಾರಣೆ ಅದು.

ವ್ಯೂಫೈಂಡರ್ ಬೇಕಾ? ಫ್ಲ್ಯಾಶ್?

ಏಪ್ರಿಲ್ ಮಧ್ಯಾಹ್ನ ಹಂಪಿಯಲ್ಲಿ ನಿಂತು ಹಿಂದಿನ ಸ್ಕ್ರೀನ್ ನೋಡಿದರೆ ನಿಮ್ಮ ಮುಖವೇ ಕಾಣುತ್ತದೆ. ಬಯಲುಸೀಮೆಯವರಿಗೆ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಬೇಕು ಅಂತಲೇ ನಾನು ಹೇಳುವುದು. ಜೆಡ್30, ಜೆಡ್‌ವಿ-ಇ10, ಎಕ್ಸ್-ಎಂ5ರಲ್ಲಿ ಅದು ಇಲ್ಲ. ಆರ್50, ಆರ್100ರಲ್ಲಿ ಇದೆ. ಕಾಂಪ್ಯಾಕ್ಟ್‌ಗಳಲ್ಲಿ ಜಿ7 ಎಕ್ಸ್‌ನಲ್ಲಿಲ್ಲ. ಆರ್‌ಎಕ್ಸ್100ರ ಮೂರನೇ ಆವೃತ್ತಿಯಿಂದ ಒಂದು ಪುಟ್ಟ ವ್ಯೂಫೈಂಡರ್ ಮೇಲಕ್ಕೆ ಎದ್ದು ಬರುತ್ತದೆ. ಅಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಅದನ್ನು ತುರುಕಿದ್ದು ದೊಡ್ಡ ಕೆಲಸ.

ಫ್ಲ್ಯಾಶ್ ಎರಡೂ ಕಾಂಪ್ಯಾಕ್ಟ್‌ಗಳಲ್ಲಿದೆ, ಆರ್50, ಆರ್100ರಲ್ಲೂ ಇದೆ. ಆದರೆ ಕಾಂಪ್ಯಾಕ್ಟ್‌ನ ಶಟರ್ ಲೆನ್ಸ್ ಒಳಗೇ ಇರುತ್ತದೆ. ಹಾಗಾಗಿ ನಡು ಮಧ್ಯಾಹ್ನದ ಬಿಸಿಲಲ್ಲಿ ವೇಗದ ಶಟರ್ ಇಟ್ಟೂ ಫ್ಲ್ಯಾಶ್ ಹೊಡೆಯಬಹುದು. ಹ್ಯಾಟು, ಪೇಟದ ನೆರಳಲ್ಲಿ ಕಪ್ಪಾದ ಮುಖಕ್ಕೆ ಇದರಿಂದ ಬೆಳಕು ಬರುತ್ತದೆ. ಇದು ಯಾರೂ ಹೊಗಳದ ಅನುಕೂಲ.

ಯೂಟ್ಯೂಬ್ ವಿಡಿಯೋಗೆ?

ತಿರುಗುವ ಸ್ಕ್ರೀನ್ ಮತ್ತು ಮೈಕ್ ಜ್ಯಾಕ್ ಇದ್ದರೆ ಯಾವುದಾದರೂ ಆದೀತು. ಜೆಡ್‌ವಿ-ಇ10, ಜೆಡ್30, ಆರ್50ರಲ್ಲಿ ಎರಡೂ ಇವೆ. ಜೇಬಿನವುಗಳಲ್ಲಿ ಸೋನಿ ಜೆಡ್‌ವಿ-1 ಇದಕ್ಕೇ ಮಾಡಿದ್ದು. ಆರ್100ರ ಸ್ಕ್ರೀನ್ ತಿರುಗುವುದಿಲ್ಲ, ಮುಟ್ಟಿದರೆ ಕೆಲಸವೂ ಮಾಡುವುದಿಲ್ಲ. ವಿಡಿಯೋಗೆ ಅದನ್ನು ಬಿಡಿ.

ನಮ್ಮ ಕರೆಂಟು 50 ಹರ್ಟ್ಜ್. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ವಿಡಿಯೋ ಪದ್ಧತಿ ಪಾಲ್ (PAL) ಅಂತ ಆರಿಸಿ, ಶಟರ್ 50ನೇ ಅಥವಾ 100ನೇ ಒಂದು ಸೆಕೆಂಡಿಗೆ ಇಡಿ. ಇಲ್ಲದಿದ್ದರೆ ಟ್ಯೂಬ್‌ಲೈಟ್, ಎಲ್‌ಇಡಿ ಕೆಳಗೆ ಪಟ್ಟೆ ಪಟ್ಟೆ ಓಡುತ್ತವೆ. ಇನ್ನು, ದುಡ್ಡು ಉಳಿದರೆ ಕ್ಯಾಮೆರಾಗಿಂತ ಮೊದಲು ಮೈಕಿಗೆ ಹಾಕಿ. ಚಿತ್ರ ಸ್ವಲ್ಪ ಮಂಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ಪುಟ್ಟದೂ ಬೇಕು, ಸೆನ್ಸಾರೂ ದೊಡ್ಡದಿರಬೇಕು. ಎರಡೂ ಇರೋದು ಇದೆಯಾ?

ಇದೆ. ರಿಕೋ ಜಿಆರ್ ಸರಣಿ. 2019ರ ಜಿಆರ್ 3ರಲ್ಲಿ ಎಪಿಎಸ್-ಸಿ ಸೆನ್ಸಾರ್, ಬ್ಯಾಟರಿ ಸಮೇತ 257 ಗ್ರಾಂ. ಶರ್ಟ್ ಜೇಬಿಗೂ ಹೋಗುತ್ತದೆ. ಜೂಮ್ ಇಲ್ಲ, 28 ಎಂಎಂ ಒಂದೇ ದೃಷ್ಟಿ. 40 ಎಂಎಂ ಬೇಕಾದವರಿಗೆ 2021ರಲ್ಲಿ ಜಿಆರ್ 3ಎಕ್ಸ್ ಬಂತು. ಫ್ಲ್ಯಾಶ್ ಇಲ್ಲ, ವ್ಯೂಫೈಂಡರ್ ಇಲ್ಲ, ಸ್ಕ್ರೀನ್ ಮಡಚುವುದಿಲ್ಲ.

ಬೀದಿ, ಜಾತ್ರೆ, ಮಾರುಕಟ್ಟೆ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿಯವರ ಎದುರು ದೊಡ್ಡ ಕ್ಯಾಮೆರಾ ಎತ್ತಿದರೆ ಅವರು ಕೆಲಸ ನಿಲ್ಲಿಸಿ ಪೋಸ್ ಕೊಡುತ್ತಾರೆ. ಇದನ್ನು ಎತ್ತಿದರೆ ಮಾತಾಡುತ್ತಲೇ ಮಾಲೆ ಕಟ್ಟುತ್ತಾರೆ. ಆದರೆ ಇಡೀ ಕುಟುಂಬಕ್ಕೆ ಇದೊಂದೇ ಕ್ಯಾಮೆರಾ ಅಂದರೆ ಬೇಡ. ಶಾಲೆ ವಾರ್ಷಿಕೋತ್ಸವದಲ್ಲಿ ವೇದಿಕೆ ಮೇಲಿನ ಮಗು ಚುಕ್ಕಿಯಷ್ಟು ಕಾಣುತ್ತದೆ.

ಮಲೆನಾಡಿನ ಮಳೆಗೆ ಯಾವುದು ತಡೆಯುತ್ತೆ?

ಎರಡೂ ಇಲ್ಲ. ಈ ಮಟ್ಟದ ಕ್ಯಾಮೆರಾಗಳನ್ನು ನೆನೆಯಲಿ ಅಂತ ಮಾಡಿಲ್ಲ. ಜೋಗದ ಎರಚಲು, ಕಡಲ ತೀರ, ತೊರೆ ದಾಟುವ ಚಾರಣ ಇವೇ ನಿಮ್ಮ ಜೀವ ಅಂದರೆ ಓಎಂ ಸಿಸ್ಟಮ್ ಟಿಜಿ-7 ನೋಡಿ. 15 ಮೀಟರ್ ನೀರೊಳಗೂ ಹೋಗುತ್ತದೆ. ಸೆನ್ಸಾರ್ ಚಿಕ್ಕದು, ಅದನ್ನು ಒಪ್ಪಿಕೊಂಡೇ ತಗೊಳ್ಳಬೇಕು. ಕಪ್ಪೆ, ಅಣಬೆ, ಹುಳ ಹತ್ತಿರದಿಂದ ತೆಗೆಯಲು ಅದು ತುಂಬಾ ಚೆನ್ನಾಗಿದೆ.

ಮಳೆಗಿಂತ ದೊಡ್ಡ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನಲ್ಲಿ ಬಟ್ಟೆ ಜೊತೆ ಇಟ್ಟ ಲೆನ್ಸ್‌ಗೆ ಫಂಗಸ್ ಹಿಡಿಯುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಗಾಜಿನ ಒಳಗೆ ಜೇಡರ ಬಲೆ ಥರ ಸಣ್ಣ ಎಳೆಗಳು. ಒಮ್ಮೆ ಬೇರು ಬಿಟ್ಟರೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ಬದಲಾಯಿಸುವ ಜೆಲ್ ತಗೊಂಡರೆ ತೇವ ಕುಡಿದದ್ದು ಕಣ್ಣಿಗೇ ಕಾಣುತ್ತದೆ, ಮತ್ತೆ ಬಿಸಿ ಮಾಡಿ ಬಳಸಬಹುದು. ಚರ್ಮದ ಕವರ್‌ನೊಳಗೆ ಇಡಲೇಬೇಡಿ. ಎಲ್ಲಕ್ಕಿಂತ ಒಳ್ಳೆಯದು ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸುವುದು.

ದೂಳಿನ ಮಾತು ಬೇರೆ. ಕಾಂಪ್ಯಾಕ್ಟ್‌ನ ಲೆನ್ಸ್ ಒಳಗೆ ಹೊರಗೆ ಹೋಗುವಾಗ ಗಾಳಿ ಎಳೆದುಕೊಳ್ಳುತ್ತದೆ, ಜೊತೆಗೆ ಜೇಬಿನ ನೂಲು, ದೂಳು. ಒಳಗೆ ಸೇರಿದರೆ ನಾವು ಒರೆಸಲು ಆಗುವುದಿಲ್ಲ, ಸರ್ವಿಸ್ ಸೆಂಟರಿಗೇ ಹೋಗಬೇಕು. ತೆಳು ಬಟ್ಟೆ ಚೀಲದಲ್ಲಿ ಹಾಕಿ ಜೇಬಿಗೆ ಇಡಿ. ಮಿರರ್‌ಲೆಸ್‌ನಲ್ಲಿ ಲೆನ್ಸ್ ಬದಲಿಸುವಾಗ ದೂಳು ಕೂರುತ್ತದೆ, ಆದರೆ ಗಾಳಿ ಪಂಪಿನಿಂದ ಊದಿ ತೆಗೆಯಬಹುದು. ಬಾಯಿಂದ ಊದಬೇಡಿ, ಉಗುಳು ಬೀಳುತ್ತದೆ.

ಬ್ಯಾಟರಿ ದಿನವಿಡೀ ಬರುತ್ತಾ?

ಕಾಂಪ್ಯಾಕ್ಟ್‌ನಲ್ಲಿ ಬರುವುದಿಲ್ಲ. ಕಂಪನಿಗಳು ಕೊಡುವ ಲೆಕ್ಕದಲ್ಲೇ ಜಿಆರ್ 3ಗೆ 200 ಚಿತ್ರ, ಜಿ7 ಎಕ್ಸ್ ಮಾರ್ಕ್ 3ಗೆ 235, ಆರ್‌ಎಕ್ಸ್100 ಏಳಕ್ಕೆ 260. ಕಾಂಪ್ಯಾಕ್ಟ್ ಬೆಲೆ ಲೆಕ್ಕ ಹಾಕುವಾಗಲೇ ಇನ್ನೊಂದು ಬ್ಯಾಟರಿ ಸೇರಿಸಿಕೊಳ್ಳಿ.

ಅಪ್ಪನ ಹಳೆ ಡಿಎಸ್‌ಎಲ್‌ಆರ್ ಲೆನ್ಸ್‌ಗಳಿವೆ. ಬಳಸಬಹುದಾ?

ಇದ್ದರೆ ನಿಮ್ಮ ನಿರ್ಧಾರ ಅರ್ಧ ಆದ ಹಾಗೇ, ಮಿರರ್‌ಲೆಸ್ ತಗೊಳ್ಳಿ. ಕ್ಯಾನನ್ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಆರ್50ರಲ್ಲಿ ಆಟೋಫೋಕಸ್ ಸಮೇತ ಓಡುತ್ತವೆ. ನಿಕಾನ್‌ನಲ್ಲಿ ಎಫ್‌ಟಿಜೆಡ್ ಅಡಾಪ್ಟರ್ ಇದೆ. ಆದರೆ ಅಲ್ಲಿ ಒಂದು ತೊಡಕು. ಎಎಫ್-ಎಸ್ ಲೆನ್ಸ್ ಆದರೆ ಫೋಕಸ್ ತಾನೇ ಆಗುತ್ತದೆ. ಹಳೆ ಎಎಫ್-ಡಿ ಆದರೆ ಕೈಯಲ್ಲೇ ತಿರುಗಿಸಬೇಕು, ಅವುಗಳೊಳಗೆ ಮೋಟಾರ್ ಇಲ್ಲ. ಲೆನ್ಸ್ ಮೇಲೆ ಬರೆದಿರುತ್ತದೆ, ಓದಿ ನೋಡಿ. ಹಾಕುವ ಮೊದಲು ಫಂಗಸ್ ಇದೆಯಾ ಅಂತ ಟಾರ್ಚ್ ಪರೀಕ್ಷೆ ಮಾಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಮಿರರ್‌ಲೆಸ್ ಆದರೆ ಧೈರ್ಯವಾಗಿ, ಕಾಂಪ್ಯಾಕ್ಟ್ ಆದರೆ ಜೋಪಾನವಾಗಿ. ಕಾಂಪ್ಯಾಕ್ಟ್‌ನ ಲೆನ್ಸ್ ಯಂತ್ರ ಒಮ್ಮೆ ಬಿದ್ದಿದ್ದರೆ ಮುಂದೆ ಯಾವಾಗ ಬೇಕಾದರೂ ಸಿಕ್ಕಿಕೊಳ್ಳಬಹುದು. ಹತ್ತಾರು ಸಲ ಆನ್ ಆಫ್ ಮಾಡಿ, ಜೂಮ್ ಮಾಡಿ, ಕರಕರ ಶಬ್ದ ಬಂದರೆ ಬಿಟ್ಟುಬಿಡಿ. ಆಮೇಲೆ ಬಿಳಿ ಗೋಡೆಯನ್ನು ಎಫ್ 11ರಲ್ಲಿ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕಿ ಕಂಡರೆ ಒಳಗೆ ದೂಳಿದೆ.

ಕ್ಯಾನನ್ ಎಂ50 ಅಗ್ಗವಾಗಿ ಸಿಗುತ್ತದೆ, ಒಳ್ಳೆಯ ಕ್ಯಾಮೆರಾವೇ. ಆದರೆ ಅದರ ಇಎಫ್-ಎಂ ಮೌಂಟನ್ನು ಕ್ಯಾನನ್ ನಿಲ್ಲಿಸಿದೆ. ಆ ಲೆನ್ಸ್‌ಗಳು ಆರ್50ಗೆ ಹೊಂದುವುದಿಲ್ಲ. ಎರಡನೇ ಲೆನ್ಸ್‌ಗಾಗಿಯೇ ಮಿರರ್‌ಲೆಸ್ ತಗೊಳ್ಳುವವರು ಮುಂದೆ ದಾರಿಯಿಲ್ಲದ ಮೌಂಟ್‌ಗೆ ಯಾಕೆ ಹೋಗಬೇಕು? ಸೋನಿ ಎ6000 ಹಾಗಲ್ಲ. 2014ರದ್ದಾದರೂ ಅದರ ಇ ಮೌಂಟ್‌ಗೆ ಇವತ್ತೂ ಹೊಸ ಲೆನ್ಸ್ ಬರುತ್ತಿವೆ. ಕಮ್ಮಿ ಬಜೆಟ್‌ಗೆ ಹಳೆ ಎ6000 ಮತ್ತು ಒಂದು 35 ಎಂಎಂ ಲೆನ್ಸ್ ಅಂದರೆ ನಾನು ಕಣ್ಣುಮುಚ್ಚಿ ಹೂಂ ಅನ್ನುತ್ತೇನೆ.

ಅಮೆರಿಕದಲ್ಲಿರೋ ಅಣ್ಣ ತರ್ತೀನಿ ಅಂದಿದ್ದಾನೆ. ತರಿಸಲಾ?

ಬೆಲೆ ವ್ಯತ್ಯಾಸ ಚೆನ್ನಾಗಿದ್ದರೆ ತರಿಸಿ, ಆದರೆ ವಾರಂಟಿ ಆ ದೇಶಕ್ಕೆ ಮಾತ್ರ ಇರಬಹುದು ಅಂತ ಲೆಕ್ಕ ಹಾಕಿಕೊಂಡೇ. ಕೊಳ್ಳುವ ಮೊದಲು ಇಲ್ಲಿನ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕೇಳಿ. ಕಸ್ಟಮ್ಸ್ ಮಿತಿಯನ್ನೂ ನೋಡಿಕೊಳ್ಳಲಿ. ಜಪಾನಿಂದ ತರಿಸುವುದಾದರೆ ಎಚ್ಚರ, ಅಲ್ಲಿನ ಮಾರುಕಟ್ಟೆಗೆ ಮಾಡಿದ ಸೋನಿ ಕ್ಯಾಮೆರಾಗಳಲ್ಲಿ ಜಪಾನಿ ಭಾಷೆಯ ಮೆನು ಮಾತ್ರ ಇರುತ್ತದೆ.

ಇಲ್ಲೇ ತಗೊಂಡರೆ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. "ಬಿಲ್ ಇಲ್ದೆ ಆದ್ರೆ ಕಮ್ಮಿ ಮಾಡಿಕೊಡ್ತೀವಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಫೋಟೋಗ್ರಫಿ ಕಲಿಯಬೇಕು. ಅದಕ್ಕೆ ಮಿರರ್‌ಲೆಸ್ಸೇ ಆಗಬೇಕಾ?

ಆಗಬೇಕಿಲ್ಲ. ಶಟರ್, ಅಪರ್ಚರ್ (ಎಫ್ ಅಂಕಿ), ಐಎಸ್‌ಒ ಮೂರನ್ನೂ ಕೈಯಲ್ಲೇ ಹೊಂದಿಸುವ ಸೌಲಭ್ಯ ಎರಡರಲ್ಲೂ ಇದೆ. ರಾ ಫೈಲ್ ಎರಡರಲ್ಲೂ ಬರುತ್ತದೆ. ಹಿನ್ನೆಲೆ ಮಸುಕು ಮಾಡುವುದನ್ನು ಕಲಿಯಲು ಮಾತ್ರ ಮಿರರ್‌ಲೆಸ್ ಮತ್ತು ಎಫ್ 1.8 ಲೆನ್ಸ್ ಬೇಕು. ಬೆಳಕು ನೋಡುವುದು, ಚೌಕಟ್ಟು ಕಟ್ಟುವುದು, ಕಾಯುವುದು ದಿನಾ ತೆಗೆಯುತ್ತಾ ಬರುವ ವಿದ್ಯೆ. ದಿನಾ ಜೊತೆಗಿರುವ ಕ್ಯಾಮೆರಾದಲ್ಲಿ ಅದು ಬೇಗ ಬರುತ್ತದೆ.

ಅಂಗಡಿಗೆ ಹೋದಾಗ ಏನು ನೋಡಲಿ?

ಮೊದಲು ನಿಮ್ಮ ಫೋನಿನ ಗ್ಯಾಲರಿ ತೆಗೆದು ಕಳೆದ ವರ್ಷದ ಫೋಟೋಗಳನ್ನು ನೋಡಿ. ಮನೆ, ಊಟ, ಪ್ರವಾಸ, ದಾರಿ ಇವೇ ತುಂಬಿದ್ದರೆ ಕಾಂಪ್ಯಾಕ್ಟ್ ಕಡೆ. ಎಳೆದು ಎಳೆದು ದೊಡ್ಡದು ಮಾಡಿದ ವೇದಿಕೆ, ಹಕ್ಕಿ, ಆಟದ ಮೈದಾನ ಇದ್ದರೆ ಮಿರರ್‌ಲೆಸ್ ಕಡೆ.

ಒಂದು ಮೆಮೊರಿ ಕಾರ್ಡ್ ಜೇಬಲ್ಲಿಟ್ಟುಕೊಂಡು ಹೋಗಿ. ದಿನಾ ಹಾಕುವ ಬಟ್ಟೆಯನ್ನೇ ಹಾಕಿಕೊಂಡು ಹೋಗಿ, ಕಾಂಪ್ಯಾಕ್ಟನ್ನು ಆ ಜೇಬಿಗೆ ಇಟ್ಟು ನಾಲ್ಕು ಹೆಜ್ಜೆ ನಡೆಯಿರಿ. ಮಿರರ್‌ಲೆಸ್ ಕೈಗೆ ತಗೊಂಡು ಕಿರುಬೆರಳು ನೇತಾಡುತ್ತದಾ, ಹಿಡಿತ ಸರಿಯಾಗಿದೆಯಾ ನೋಡಿ. ಕಿಟ್ ಲೆನ್ಸ್ ಜೊತೆಗೆ ಎಫ್ 1.8 ಲೆನ್ಸ್ ಒಂದನ್ನು ಹಾಕಿ ತೋರಿಸಿ ಅಂತ ಕೇಳಿ. ಅಂಗಡಿಯ ಕತ್ತಲೆ ಮೂಲೆಯನ್ನು, ಕೌಂಟರ್ ಹಿಂದಿನವರ ಮುಖವನ್ನು ಅವರ ಅನುಮತಿ ಕೇಳಿ ಎಲ್ಲದರಲ್ಲೂ ತೆಗೆಯಿರಿ. ಅಲ್ಲೇ ನಿರ್ಧಾರ ಮಾಡಬೇಡಿ. ಕಾರ್ಡ್ ಮನೆಗೆ ತಂದು ದೊಡ್ಡ ಪರದೆಯಲ್ಲಿ ನೋಡಿ, ಮಾರನೇ ದಿನ ಹೋಗಿ ತಗೊಳ್ಳಿ.